ಮೂರು ಹನಿ ಕಿತ್ತಳೆ

ಲೀಲಾಬಾಯಿಯವರು ಸಾರಿಗೆ ಉಪ್ಪು ಹಾಕುವುದನ್ನು ನೋಡಬೇಕಿತ್ತು. ಬಲಗೈಯಲ್ಲಿ ಹರಳುಪ್ಪು ಹಿಡಿದು, ಕುದಿಯುವ ಪಾತ್ರೆಯಿಂದ ಒಂದು ಹೆಜ್ಜೆ ಹಿಂದೆ ನಿಂತು, ಕಣ್ಣು ಮುಚ್ಚಿಕೊಳ್ಳುವರು. ಹಬೆ ತಾನಾಗಿ ಅವರತ್ತ ಬರಬೇಕು. ಬಂದ ಮೇಲೆ ಕೈ ತಾನಾಗಿ ತೆರೆದುಕೊಳ್ಳುವುದು. ಆ ಮನೆಯಲ್ಲಿ ದೇವರಿಗೆ ನೈವೇದ್ಯವಾಗದೆ ಯಾರೂ ಒಂದು ತೊಟ್ಟನ್ನೂ ನಾಲಿಗೆಗೆ ಮುಟ್ಟಿಸುವಂತಿರಲಿಲ್ಲ. ಅಡುಗೆ ಮಾಡುವವರಂತೂ ಕೇಳಲೇಬೇಡಿ. ಹಾಗಾಗಿ ಬೇಳೆ ಬೆಂದಿತೋ ಇಲ್ಲವೋ, ಹುಳಿ ಹೆಚ್ಚಾಯಿತೋ, ಒಗ್ಗರಣೆ ಸೀದಿತೋ, ಎಲ್ಲವೂ ಮೂಗಿನ ಲೆಕ್ಕ. ಮದುವೆಯಾಗಿ ಸವದತ್ತಿಯ ಆ ಮನೆಗೆ ಬಂದಂದಿನಿಂದ ಅವರ ಲೆಕ್ಕ ತಪ್ಪಿದ್ದನ್ನು ಕಂಡವರಿಲ್ಲ.

ಸೊಸೆ ಪದ್ಮಜಾಗೆ ಮಾತ್ರ ಈ ವಿದ್ಯೆ ಹತ್ತಲಿಲ್ಲ. ಬಂದ ಹೊಸತರಲ್ಲಿ ಒಂದು ದಿನ, ಯಾರೂ ನೋಡುತ್ತಿಲ್ಲವೆಂದುಕೊಂಡು, ಸೌಟಿನಿಂದ ಒಂದು ಹನಿ ಸಾರನ್ನು ಅಂಗೈಗೆ ಬಿಟ್ಟುಕೊಂಡು ನೆಕ್ಕಿದ್ದಳು. ತಿರುಗಿ ನೋಡಿದರೆ ಬಾಗಿಲಲ್ಲಿ ಅತ್ತೆ. ಲೀಲಾಬಾಯಿ ಬೈಯಲಿಲ್ಲ. ಇಡೀ ಪಾತ್ರೆಯ ಸಾರನ್ನು ಹಾಲಿನ ಶಟ್ಟೆವ್ವನ ಎಮ್ಮೆಗೆಂದು ಬಕೆಟ್ಟಿಗೆ ಸುರಿದು, ಮತ್ತೆ ಸ್ನಾನ ಮಾಡಿ, ಮಡಿಯುಟ್ಟು, ಹೊಸದಾಗಿ ಬೇಳೆ ಒಲೆಗಿಟ್ಟರು. ಬೈದಿದ್ದರೆ ನಾಲ್ಕು ದಿನಕ್ಕೆ ಮರೆತುಹೋಗುತ್ತಿತ್ತೇನೋ. ಆವತ್ತಿನಿಂದ ಪದ್ಮಜಾ ತರಕಾರಿ ಹೆಚ್ಚಿಕೊಟ್ಟು ಅಡುಗೆಮನೆಯಿಂದ ಹೊರಬೀಳತೊಡಗಿದಳು. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಹಾಕಿಕೊಂಡಳು. ಸವದತ್ತಿಯ ಅರ್ಧ ಊರಿನ ಕುಪ್ಪಸಗಳು ಆ ಯಂತ್ರದ ಕೆಳಗೆ ಹಾದುಹೋದವು. ಅತ್ತೆ ಸೊಸೆಯ ನಡುವೆ ಜಗಳವಿರಲಿಲ್ಲ. ಜಗಳವಾಡುವಷ್ಟು ಸಲಿಗೆಯೂ ಇರಲಿಲ್ಲ.

ಆ ವರ್ಷ ದಸರೆಯ ಹೊತ್ತಿಗೆ ಮನೆಮಂದಿಗೆಲ್ಲ ಜ್ವರ ಬಂತು, ಎಲ್ಲರಿಗೂ ಬಿಟ್ಟಿತು. ಆದರೆ ಜ್ವರ ಬಿಟ್ಟ ಮೇಲೆ ಲೀಲಾಬಾಯಿಯವರ ಅಡುಗೆ ಎಲ್ಲೋ ದಾರಿ ತಪ್ಪಿತು. ಒಂದು ದಿನ ಪಲ್ಯಕ್ಕೆ ಇಂಗು ಎರಡು ಪಟ್ಟು. ಇನ್ನೊಂದು ದಿನ ಹುಳಿಗೆ ಉಪ್ಪೇ ಇಲ್ಲ. ಪದ್ಮಜಾಳ ಗಂಡ ಕೌಶಿಕ, ಮೋಟರ್ ರಿವೈಂಡಿಂಗ್ ಅಂಗಡಿಯಿಂದ ಹಸಿದು ಬಂದವನು, ತುತ್ತು ಬಾಯಿಗಿಟ್ಟು ಮುಖ ಕಿವಿಚುವನು. ಮಾವ ರಘೋತ್ತಮಾಚಾರ್ಯರು ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸಿ ನಿವೃತ್ತರಾದವರು. ಹೆಂಡತಿಯ ಅಡುಗೆಯ ಬಗ್ಗೆ ಒಂದು ಮಾತು ಆಡಿದವರಲ್ಲ. "ದೇವರು ಉಂಡಾನ. ನಮ್ಮದೇನು ಅವನಕಿಂತ ದೊಡ್ಡ ನಾಲಿಗಿ? ಉಣ್ರಿ" ಎಂದು ಎಲ್ಲರ ಬಾಯಿ ಮುಚ್ಚಿಸುವರು.

ದೀಪಾವಳಿಯ ಪಾಡ್ಯದ ದಿನ ಮಾತ್ರ ಬಾಯಿ ಮುಚ್ಚಿ ಕೂರಲು ಯಾರಿಂದಲೂ ಆಗಲಿಲ್ಲ. ಹೋಳಿಗೆಯ ಮೇಲೆ ಹಾಕಿದ ತುಪ್ಪ ಮುಗ್ಗು ವಾಸನೆ ಹೊಡೆಯುತ್ತಿತ್ತು. ಧಾರವಾಡದಲ್ಲಿ ಓದುತ್ತಿದ್ದ ಪದ್ಮಜಾಳ ಮಗಳು ಶ್ರದ್ಧಾ ಹಬ್ಬಕ್ಕೆಂದು ಬಂದವಳು ಎಲೆ ಬಿಟ್ಟು ಎದ್ದಳು. ಸರಿಯಾಗಿ ಅದೇ ಹೊತ್ತಿಗೆ ಉಗರಗೋಳದ ಶಟ್ಟೆವ್ವ ಹಬ್ಬದ ಹೋಳಿಗೆ ಒಯ್ಯಲು ಹಿತ್ತಲ ಬಾಗಿಲಿಗೆ ಬಂದಳು. ಮನೆಗೆ ಹಾಲು, ಬೆಣ್ಣೆ ಹಾಕುವವಳು ಅವಳೇ.

ಕೌಶಿಕ ಎಂಜಲು ಕೈಯಲ್ಲೇ ಹಿತ್ತಲಿಗೆ ನಡೆದ. "ಏನ ಶಟ್ಟೆವ್ವ, ಹಬ್ಬಕ್ಕಂತ ಹಳೇ ಬೆಣ್ಣಿ ಕೊಟ್ಟೀ? ನಾಚಿಕಿ ಬರೂದಿಲ್ಲೇನು?"

"ಹಳೇದೇನ್ರಿ? ಯಪ್ಪಾ, ಮೊನ್ನೆ ಮುಂಜಾನೆ ಕಡದದ್ದು ತಂದೇನ್ರಿ! ಎಲ್ಲವ್ವನ ಆಣಿ ಐತಿ."

"ಆಣಿ ಗೀಣಿ ಬ್ಯಾಡ. ನಾಳಿಂದ ಹಾಲೂ ಬ್ಯಾಡ, ಬೆಣ್ಣಿನೂ ಬ್ಯಾಡ. ನಾವು ಬ್ಯಾರೆ ಕಡೆ ನೋಡ್ಕೋತೀವಿ."

ಶಟ್ಟೆವ್ವನ ಮುಖ ಸಣ್ಣದಾಯಿತು. ಅವಳ ಅತ್ತೆಯ ಕಾಲದಿಂದ ಆ ಮನೆಗೆ ಹಾಲು ಹಾಕಿದವರು ಅವರು. ಲೀಲಾಬಾಯಿ ಬಡಿಸುತ್ತಿದ್ದ ಪಾತ್ರೆಯನ್ನು ನೆಲಕ್ಕಿಟ್ಟು ಎದ್ದು ಬಂದರು. ಸುಮ್ಮನಿದ್ದರೆ ನಡೆದುಹೋಗುತ್ತಿತ್ತು. ಹೀಗೆ ಸುಮ್ಮನಿದ್ದು ತಪ್ಪಿಸಿಕೊಳ್ಳುವವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ಪದ್ಮಜಾ ತಾನಾಗಿದ್ದರೂ ಸುಮ್ಮನಿರುತ್ತಿದ್ದಳು.

"ಆಕೀಗೆ ಅನಬ್ಯಾಡ, ಕೌಶಿಕ" ಎಂದರು ಲೀಲಾಬಾಯಿ. "ಆಕಿ ತಂದ ಬೆಣ್ಣಿ ಇನ್ನೂ ಒಳಗ ಹಂಗ ಅದ. ಮೂಲ್ಯಾಗಿನ ಹಳೇ ಗಡಿಗಿ ನಾನ ಒಲಿ ಮ್ಯಾಲೆ ಇಟ್ಟೀನಿ. ಎರಡರಾಗ ಯಾವುದು ಹೊಸಾದು ಅಂತ ನನಗ ಗೊತ್ತಾಗಲಿಲ್ಲ. ಜ್ವರ ಬಿಟ್ಟಾಗಿಂದ ನನಗ ವಾಸನಿ ಅನ್ನೂದ ಬರವಲ್ಲದು."

ಅವರೇ ಮುಂದುವರಿಸಿದರು. "ನಿಮ್ಮದು ಬಿಡ್ರಿ. ಕೆಟ್ಟ ತುಪ್ಪ ದೇವರ ಮುಂದ ಇಟ್ಟೆ ನೋಡ್ರಿ."

ಶಟ್ಟೆವ್ವ ಕಣ್ಣೊರೆಸಿಕೊಂಡು, "ಹೋಗ್ಲಿ ಬಿಡ್ರಿ ಬಾಯಾರ, ಹೋಳಿಗಿ ಕೊಡ್ರಿ, ನಮ್ಮ ಹುಡುಗ್ರು ತುಪ್ಪ ಒರಸಿ ತಿಂತಾವು" ಎಂದಳು. ನಗಬೇಕೋ ಅಳಬೇಕೋ ತಿಳಿಯದೆ ಪದ್ಮಜಾ ಅವಳಿಗೆ ಹೋಳಿಗೆ ಕಟ್ಟಿಕೊಟ್ಟಳು. ಅತ್ತೆಯ ಮೇಲೆ ಅವಳಿಗೆ ಅಷ್ಟು ವರ್ಷಗಳಲ್ಲಿ ಹುಟ್ಟದ ಗೌರವ ಆ ಹಿತ್ತಲ ಬಾಗಿಲಲ್ಲಿ ಹುಟ್ಟಿತು. ಮೊದಲು ಇದ್ದದ್ದು ಬರೀ ಅಂಜಿಕೆ.

ಕೌಶಿಕನದು ಬೇರೆ ಚಿಂತೆ. "ಗ್ಯಾಸ್ ಸೋರಿದ್ರೂ ಈಕಿಗೆ ಗೊತ್ತಾಗೂದಿಲ್ಲಲಾ! ಅವ್ವಾ, ನಾಳಿಂದ ನೀ ಒಲಿ ಹತ್ರ ಹೋಗೂ ಹಂಗಿಲ್ಲ."

"ಮತ್ತ ನೈವೇದ್ಯ?"

"ಹಾಲು ಸಕ್ಕರಿ ತೋರಸ್ರಿ. ಎಷ್ಟು ಮಂದಿ ಮನ್ಯಾಗ ಅಷ್ಟ ಮಾಡ್ತಾರ."

"ಧನುರ್ಮಾಸ ಬರ್ಲಿಕ್ಕೆ ಹತ್ತೇದ. ಹುಗ್ಗಿ ಯಾರು ಮಾಡಬೇಕು? ನಮ್ಮ ಅತ್ತಿ ಹಾಸಿಗಿ ಹಿಡದಾಗಲೂ ಈ ಮನ್ಯಾಗ ಧನುರ್ಮಾಸದ ಹುಗ್ಗಿ ತಪ್ಪಿಲ್ಲ."

"ಈ ವರ್ಷ ತಪ್ಪತದ" ಎಂದ ಕೌಶಿಕ.

ಲೀಲಾಬಾಯಿ ಯಾರ ಮುಖವನ್ನೂ ನೋಡಲಿಲ್ಲ. ಪದ್ಮಜಾ ಅಂದಳು, "ನಾ ಮಾಡ್ತೀನಿ, ಅತ್ಯಾ." ಅಂದ ಮೇಲೆ ಅವಳಿಗೇ ಗಾಬರಿಯಾಯಿತು.

ಶ್ರದ್ಧಾ ಅಜ್ಜಿಯನ್ನು ಧಾರವಾಡದ ಡಾಕ್ಟರಿಗೆ ತೋರಿಸಿದಳು. ಹೋದ ವಾಸನೆ ಮರಳಬಹುದು, ಮರಳದೆಯೂ ಇರಬಹುದು. ದಿನಾ ಎರಡು ಹೊತ್ತು ಒಂದು ಗಟ್ಟಿ ಪರಿಮಳವನ್ನು ಮನಸ್ಸಿಟ್ಟು ಮೂಸಬೇಕು, ತಿಂಗಳುಗಟ್ಟಲೆ ಬಿಡದೆ, ಎಂದರು ಅವರು. ಮುಂದಿನ ವಾರ ಶ್ರದ್ಧಾ ಊರಿಗೆ ಬರುವಾಗ ಕಿತ್ತಳೆ ಸಿಪ್ಪೆಯ ಎಣ್ಣೆಯ ಕಿರುಬೆರಳಷ್ಟು ಶೀಶೆಯನ್ನೂ, ನೀರಿಗೆ ಎಣ್ಣೆ ಹನಿಸಿದರೆ ಮಂಜಿನಂತೆ ಉಗುಳುವ ತಂಬಿಗೆಯಷ್ಟು ಯಂತ್ರವನ್ನೂ ತಂದಳು.

"ಅಜ್ಜಿ, ದಿನಾ ಈ ಶೀಶೆ ಮೂಗಿಗೆ ಹಿಡದು ಮೂಸಬೇಕು. ಸಂಜೀಕೆ ಯಂತ್ರ ಹಚ್ಚೋಣ. ಮನಸ್ಸಿಗೂ ಹಿತ ಆಗ್ತದ."

"ನಾ ಮೂಸೂದಿಲ್ಲ" ಎಂದರು ಲೀಲಾಬಾಯಿ.

ಅದು ಹಟವಲ್ಲ. ಮೂಸಿದ ಹೂವು ದೇವರಿಗೆ ಬಾರದು. ತವರಿನಲ್ಲಿ ಐದಾರು ವರ್ಷದವರಿದ್ದಾಗ ಅವರು ಒಂದು ಮಲ್ಲಿಗೆಯನ್ನು ಮೂಗಿಗೆ ಹಿಡಿದದ್ದಕ್ಕೆ ಅವರ ತಾಯಿ ಇಡೀ ಬುಟ್ಟಿಯ ಹೂವನ್ನು ತಿಪ್ಪೆಗೆ ಸುರಿದಿದ್ದರು. ಅಲ್ಲಿಂದ ಇಲ್ಲಿಯವರೆಗೆ ಅವರು ಹೂವನ್ನಾಗಲಿ ಹಣ್ಣನ್ನಾಗಲಿ ಮೂಗಿನ ಹತ್ತಿರ ತಂದವರಲ್ಲ.

"ಮತ್ತ ಸಾರು ಹೆಂಗ ಮಾಡ್ತಿದ್ದಿ?" ಎಂದಳು ಶ್ರದ್ಧಾ. "ಅದೂ ವಾಸನಿ ಮ್ಯಾಲೇ ಅಲಾ?"

"ಅದು ಬ್ಯಾರೆ. ಹಬಿ ತಾನಾಗಿ ಬರತದ, ಅದಕ್ಕ ದೋಷ ಇಲ್ಲ. ನಾವಾಗಿ ಹೋಗಿ ತಗೋಬಾರದು."

ಇಂಥ ಕಡೆ ರಘೋತ್ತಮಾಚಾರ್ಯರೇ ಬರಬೇಕು. ಪುಸ್ತಕದಿಂದ ತಲೆ ಎತ್ತದೆ ಕೇಳಿದರು, "ಪೂಜಾದಾಗ ಧೂಪ ತೋರಿಸುವಾಗ ನಾ ಏನಂತೀನಿ?"

"ಧೂಪಮಾಘ್ರಾಪಯಾಮಿ ಅಂತೀರಿ."

"ಅಂದ್ರ ಏನು? ದೇವರಿಗೆ ಧೂಪ ಮೂಸಸ್ತೀನಿ ಅಂತ. ದಿನಾ ಅವನಿಗೆ ಮೂಸಸ್ತೀವಿ, ಅವಗಿಲ್ಲದ ಮಡಿ ನಿನಗ ಯಾಕ?"

"ಅವ ದೇವರು. ನಾ ಅಡಿಗಿ ಮಾಡಾಕಿ."

ಕೊನೆಗೆ ಒಂದು ರಾಜಿಯಾಯಿತು. ಶೀಶೆ ಮೂಸುವುದಿಲ್ಲ, ಯಂತ್ರ ಹಚ್ಚಬಹುದು, ಏಕೆಂದರೆ ಅದರ ವಾಸನೆ ತಾನಾಗಿ ಬರುತ್ತದೆ. ಆದರೆ ಮೊದಲು ದೇವರ ಮುಂದೆ ಹಚ್ಚಿ, ಧೂಪವೆಂದು ತೋರಿಸಿ, ಆಮೇಲೆ ಪಡಸಾಲೆಗೆ ತರಬೇಕು. ಯಂತ್ರದ ಉಸ್ತುವಾರಿಯನ್ನು ಆಚಾರ್ಯರು ತಾವೇ ವಹಿಸಿಕೊಂಡರು. "ಮೂರೇ ಮೂರು, ಅಜ್ಜಾ" ಎಂದು ಹೇಳಿ ಶ್ರದ್ಧಾ ಧಾರವಾಡದ ಬಸ್ಸು ಹತ್ತಿದಳು.

ಮರುದಿನ ಸಂಜೆ ಪದ್ಮಜಾ ಒಬ್ಬ ಗಿರಾಕಿಗೆ ತೋಳಿನ ಅಳತೆ ತೆಗೆಯುತ್ತಿದ್ದಳು. ಇದ್ದಕ್ಕಿದ್ದಂತೆ ಒಳಗಿನಿಂದ ಕಿತ್ತಳೆಯ ವಾಸನೆ ನುಗ್ಗಿ ಬಂತು. ಕಣ್ಣು ಉರಿಯಿತು, ಗಂಟಲು ಹಿಡಿಯಿತು, ಗಿರಾಕಿ ಸೀನುತ್ತ ಅಂಗಳಕ್ಕೆ ಓಡಿದಳು. ಹಿಂದೆಯೇ ಆಚಾರ್ಯರು ಪಂಚೆಯ ತುದಿಯನ್ನು ಮೂಗಿಗೆ ಒತ್ತಿಕೊಂಡು ಹೊರಬಿದ್ದರು. ಅಂಗಡಿಯಿಂದ ಆಗಷ್ಟೇ ಬಂದ ಕೌಶಿಕ ಓಣಿಯ ತಿರುವಿನಲ್ಲೇ ಮೂಗು ಮುಚ್ಚಿಕೊಂಡ.

"ಅಪ್ಪಾ, ಎಷ್ಟು ಹಾಕಿದ್ರಿ?"

"ಮೂರು. ಆಕಿ ಹೇಳಿದಷ್ಟ."

"ಮೂರು ಏನು?"

ಆಚಾರ್ಯರು ಕೈಯಲ್ಲಿದ್ದುದನ್ನು ಎತ್ತಿ ತೋರಿಸಿದರು. ಉದ್ಧರಣೆ, ತೀರ್ಥ ಕೊಡುವ ಬೆಳ್ಳಿಯ ಚಮಚ. "ಮೂರು ಉದ್ಧರಣಿ. ಆಚಮನಕ್ಕೂ ಮೂರು, ತೀರ್ಥಕ್ಕೂ ಮೂರು. ನಾ ಹುಟ್ಟಿದಾಗಿಂದ ಮೂರು ಅಂದ್ರ ಇದರಲೇ ಮೂರು."

"ಮೂರು ಹನಿ ಹಾಕೂದು, ಅಪ್ಪಾ! ಶೀಶೇನ ಖಾಲಿ ಮಾಡಿ ಕೂತೀರಿ. ಇನ್ನೊಂದು ತರಸೂದಿಲ್ಲ ನಾ, ಹೇಳಿರ್ತೀನಿ."

"ಆಕಿ ಹನಿ ಅನಲಿಲ್ಲ" ಎಂದರು ಆಚಾರ್ಯರು, ಶಾಸ್ತ್ರಾರ್ಥದ ಧಾಟಿಯಲ್ಲಿ.

ಪದ್ಮಜಾಗೆ ನಗು ತಡೆಯಲಾಗಲಿಲ್ಲ. ನಗುತ್ತ ನಗುತ್ತಲೇ ಅಂಗಳದಲ್ಲಿ ನಿಂತವರನ್ನು ನೋಡಿದಳು. ಗಂಡ, ಮಾವ, ಗಿರಾಕಿ, ಎದುರುಮನೆಯ ಇಬ್ಬರು. ಅತ್ತೆ ಎಲ್ಲಿ? ಸೆರಗನ್ನು ಮೂಗಿಗೆ ಕಟ್ಟಿಕೊಂಡು ಒಳಗೆ ಓಡಿದಳು.

ಲೀಲಾಬಾಯಿ ಪಡಸಾಲೆಯ ಕಂಬಕ್ಕೆ ಒರಗಿ ಹೂಬತ್ತಿ ಹೊಸೆಯುತ್ತ ಕೂತಿದ್ದರು. ಅವರ ಸುತ್ತ ಬೆಳ್ಳಗೆ ಮಂಜು. ಕಣ್ಣಿನಲ್ಲಿ ನೀರು ಸುರಿಯುತ್ತಿತ್ತು, ಆದರೆ ಕೈ ನಿಂತಿರಲಿಲ್ಲ.

"ಎಲ್ಲಾರೂ ಯಾಕ ಹೊರಗ ಓಡಿದ್ರಿ, ಪದ್ಮಾ?"

"ವಾಸನಿ ಭಾಳ ಆಗೇದ, ಅತ್ಯಾ. ನಿಮಗ ಕಣ್ಣು ಉರ್ಯಾಕ ಹತ್ತಿಲ್ಲೇನು?"

"ಉರೀತದ. ಯಾಕ ಉರೀತದ ಅಂತ ತಿಳೀಲಿಲ್ಲ." ಅವರು ಬತ್ತಿಯನ್ನು ಕೆಳಗಿಟ್ಟರು. "ಅಷ್ಟು ವಾಸನಿ ಅದ ಏನು? ಓಣಿ ಮಂದಿ ಓಡೂವಷ್ಟು?"

ಆಗ ಆ ಗಟ್ಟಿ ಹೆಂಗಸು ಅತ್ತರು. ಪದ್ಮಜಾ ಯಂತ್ರ ಆರಿಸಿ, ಕಿಟಕಿಗಳನ್ನೆಲ್ಲ ತೆರೆದು, ಬಂದು ಅವರ ಪಕ್ಕದಲ್ಲಿ ಕೂತಳು. ಸೆರಗನ್ನು ಮೂಗಿನಿಂದ ಬಿಚ್ಚಿದಳು. ಅವರೊಬ್ಬರೇ ಅದರಲ್ಲಿ ಕೂತಿರುವುದು ಅವಳಿಗೆ ಸರಿ ಕಾಣಲಿಲ್ಲ.

ಲೀಲಾಬಾಯಿ ಕಣ್ಣೊರೆಸಿಕೊಂಡು ಕೇಳಿದರು, "ಹೆಂಗದ ಅದು? ಹೇಳು ನೋಡೋಣ."

"ಛೊಲೋ ಅದ, ಅತ್ಯಾ."

"ಛೊಲೋ ಅಂದ್ರ ಏನು? ಕುಪ್ಪಸದ ಅಳತಿ ಕೇಳಿದ್ರ ಛೊಲೋ ಅದ ಅಂತೀಯೇನು? ಕೊರಳು ಇಷ್ಟು, ತೋಳು ಇಷ್ಟು ಅಂತ ಹೇಳ್ತಿ. ಹಂಗ ಹೇಳು."

ಪದ್ಮಜಾ ಕಣ್ಣು ಮುಚ್ಚಿದಳು. "ಮೊದಲ ಚುರುಕ್ ಅಂತದ... ಸಿಪ್ಪಿಗೆ ಉಗುರು ಚುಚ್ಚಿದಾಗ ಕಣ್ಣಿಗೆ ಸಿಡೀತದಲ್ಲ, ಹಂಗ. ಆಮ್ಯಾಲೆ ಸೀ. ಸೀ ಹೋದಮ್ಯಾಲೆ ಹಿಂದ ಒಂದು ಸಣ್ಣ ಕಹಿ ಉಳೀತದ."

"ಹಾಂ" ಎಂದರು ಲೀಲಾಬಾಯಿ. "ಒಳಗಿನ ಬಿಳೇ ನಾರಿಂದು ಅದು. ಅದು ನನಗ ನೆನಪದ."

ಇನ್ನೊಂದು ಶೀಶೆ ತರಿಸುವುದಿಲ್ಲವೆಂದ ಕೌಶಿಕ ಆ ವಾರವೇ ತರಿಸಿ, ಯಾರಿಗೂ ಹೇಳದೆ ದೇವರ ಕಟ್ಟೆಯ ಮೇಲಿಟ್ಟು ಅಂಗಡಿಗೆ ಹೋದ. ಉದ್ಧರಣೆಯ ಅಧಿಕಾರ ಆಚಾರ್ಯರಿಂದ ಪದ್ಮಜಾಗೆ ಬಂತು. ದಿನಾ ಸಂಜೆ ದೀಪ ಹಚ್ಚಿದ ಮೇಲೆ ಅವಳು ಮೂರು ಹನಿ ಎಣಿಸಿ ಹಾಕುವಳು. ಆಚಾರ್ಯರು ಮಂತ್ರ ಹೇಳುವರು. ಯಂತ್ರ ಪಡಸಾಲೆಗೆ ಬರುವುದು. ಅತ್ತೆ ಸೊಸೆ ಅದರ ಎದುರು ಕೂತು ಬಟಾಣಿ ಸುಲಿಯುವರು, ಅವರೆಕಾಯಿ ಬಿಡಿಸುವರು, ಗುಂಡಿ ಹಚ್ಚುವರು. "ಇವತ್ತು ಹೆಂಗದ?" ಎಂದು ಒಬ್ಬರು ಕೇಳುವುದು, ಇನ್ನೊಬ್ಬರು ಹೇಳುವುದು. ಮಳೆ ಬಂದ ದಿನ ಅದೇ ವಾಸನೆ ಭಾರವಾಗಿ ನೆಲಕ್ಕೆ ಕೂರುತ್ತದೆ, ಒಣ ಗಾಳಿಯಿದ್ದರೆ ಬೇಗ ಹಾರುತ್ತದೆ ಎಂಬುದೆಲ್ಲ ಪದ್ಮಜಾಗೆ ಹೇಳುತ್ತ ಹೇಳುತ್ತಲೇ ತಿಳಿಯಿತು. ಆ ಹೊತ್ತು ಮನೆಯಲ್ಲಿ ಯಾರೂ ಸಿಡುಕುತ್ತಿರಲಿಲ್ಲ. ಟಿವಿಯ ಸದ್ದು ಕೂಡ ಕೌಶಿಕ ತಾನಾಗಿ ತಗ್ಗಿಸುತ್ತಿದ್ದ. ಅಷ್ಟರಮಟ್ಟಿಗೆ ಆ ಎಣ್ಣೆ ಎಲ್ಲರಿಗೂ ಔಷಧಿಯೇ.

ಲೀಲಾಬಾಯಿಯವರಿಗೆ ಮಾತ್ರ ಏನೂ ಬರಲಿಲ್ಲ.

ಇತ್ತ ಅಡುಗೆಮನೆಯಲ್ಲಿ ಪದ್ಮಜಾಳ ಪಾಡು ಕೇಳಬೇಡಿ. ಮಡಿಯುಟ್ಟು ಮಾಡಿದ ಮೊದಲ ಸಾರು ಬರೀ ಬಿಸಿನೀರು. ಎರಡನೆಯ ದಿನ ಸಮುದ್ರ.

"ದೇವರು ಉಂಡಾನ" ಎಂದರು ಆಚಾರ್ಯರು, ಎರಡು ಲೋಟ ನೀರು ಕುಡಿದು.

"ಪಾಪ ಅವನು" ಎಂದ ಕೌಶಿಕ. "ಇದರಕಿಂತ ಹಾಲು ಸಕ್ಕರೀನ ಛೊಲೋ ಇತ್ತು."

ಪದ್ಮಜಾಗೆ ರೇಗಿತು. "ನೀವು ಮಾಡ್ರಿ ಹಂಗಾರ! ನಾಲಿಗಿ ಕಟ್ಟಿ ಅಡಿಗಿ ಮಾಡು ಅಂದ್ರ ಹೆಂಗ ಮಾಡಲಿ? ಉಪ್ಪಿಗೆ ವಾಸನಿ ಇರತದ ಏನು?"

"ಇರೂದಿಲ್ಲ" ಎಂದರು ಲೀಲಾಬಾಯಿ, ಶಾಂತವಾಗಿ. "ಆದ್ರ ಉಪ್ಪು ಬಿದ್ದ ಮ್ಯಾಲೆ ಉಳಿದದ್ದರ ವಾಸನಿ ಎದ್ದು ಬರತದ. ಬರೂತನಕ ತಡೀಬೇಕು. ನೀ ಅವಸರ ಮಾಡ್ತಿ."

ಮರುದಿನದಿಂದ ಅವರು ಅಡುಗೆಮನೆಯ ಹೊಸ್ತಿಲ ಆಚೆ ಮಣೆ ಹಾಕಿಕೊಂಡು ಕೂರತೊಡಗಿದರು. ಮಗ ಹಾಕಿದ ಗೆರೆಯನ್ನು ಅವರು ದಾಟಲಿಲ್ಲ. ಅಲ್ಲಿಂದಲೇ ಕೇಳುವರು, "ಈಗ ಏನು ಬರ್ಲಿಕ್ಕೆ ಹತ್ತೇದ?"

"ಹಸಿ ಬೇಳಿ."

"ಇನ್ನೂ ತಡಿ... ಈಗ?"

"ಈಗ... ಹಸೀದು ಹೋತು. ಏನೋ ಹುರಿದ ಶೇಂಗಾದಂಗ."

"ಹಾಂ, ಅದು ಬೆಂದದ್ದು. ಈಗ ಹುಣಸಿಹಣ್ಣು ಬಿಡು."

ಕಿತ್ತಳೆಯ ಎದುರು ಕಲಿತ ಮಾತು ಒಲೆಯ ಮುಂದೆ ಕೆಲಸಕ್ಕೆ ಬಂತು. ತನಗೆ ಕಾಣದ ದಾರಿಯನ್ನು ಇನ್ನೊಬ್ಬಳಿಗೆ ಹೀಗೆ ಹೆಜ್ಜೆ ಹೆಜ್ಜೆಗೂ ತೋರಿಸುವ ಆ ತಾಳ್ಮೆ ಎಲ್ಲಿಂದ ಬಂತೋ! ತಾನಾಗಿದ್ದರೆ ಕಳೆದುಹೋದದ್ದರ ಸಿಟ್ಟನ್ನು ಸೊಸೆಯ ಮೇಲೆ ತೀರಿಸಿಕೊಳ್ಳುತ್ತಿದ್ದೆ ಎಂದು ಪದ್ಮಜಾಗೆ ಎಷ್ಟೋ ಸಲ ಅನ್ನಿಸಿತು.

ಒಂದು ಭಾನುವಾರ ಶ್ರದ್ಧಾ ಬಂದಳು. ಚಿಕ್ಕಂದಿನ ರೂಢಿಯಂತೆ ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. ಆ ಸೆರಗಿನ ಇಂಗಿನ ವಾಸನೆ ಇಲ್ಲದೆ ಅವಳಿಗೆ ಎಷ್ಟೋ ವರ್ಷ ನಿದ್ದೆ ಬಂದದ್ದಿಲ್ಲ.

"ಅಜ್ಜಿ, ನಿನ್ನ ಸೀರಿಗೆ ಈಗ ಇಂಗಿನ ವಾಸನೀನ ಇಲ್ಲಲಾ! ಬರೀ ಕಿತ್ತಳಿ."

ಹುಡುಗಿ ತಿಳಿಯದೆ ಆಡಿದ ಮಾತು. ಲೀಲಾಬಾಯಿ ಅವಳ ಕೂದಲಲ್ಲಿ ಆಡಿಸುತ್ತಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಆ ಸಂಜೆ ಯಂತ್ರ ಹಚ್ಚುವುದು ಬೇಡವೆಂದರು.

"ಯಾಕ, ಅತ್ಯಾ?"

"ಸಾಕು ಮಾಡು, ಪದ್ಮಾ. ಬರೂದಿದ್ರ ಇಷ್ಟೊತ್ತಿಗೆ ತಾನಾಗಿ ಬರತಿತ್ತು."

"ನಿಮಗ ಬರದಿದ್ರೂ ನನಗ ಬೇಕು, ಅತ್ಯಾ" ಎಂದಳು ಪದ್ಮಜಾ. "ಧನುರ್ಮಾಸ ಹತ್ರ ಬಂತು. ನೀವು ಕೇಳದಿದ್ರ ನನ್ನ ಮೂಗು ಕಲಿಯೂದಿಲ್ಲ." ಅತ್ತೆಗೆ ಎದುರು ಮಾತಾಡಿದ್ದು ಅದೇ ಮೊದಲು. ಅವರು ಉತ್ತರ ಕೊಡುವ ಮೊದಲೇ ಮೂರು ಹನಿ ಹಾಕಿಬಿಟ್ಟಳು.

ಧನುರ್ಮಾಸದ ಮೊದಲ ದಿನ ಬೆಳಗಿನ ಜಾವ ಚಳಿ ಕೊರೆಯುತ್ತಿತ್ತು. ಪದ್ಮಜಾ ತಣ್ಣೀರು ಮಿಂದು ಮಡಿಯುಟ್ಟು ಒಲೆ ಹಚ್ಚಿದಳು. ಅಕ್ಕಿ, ಹೆಸರುಬೇಳೆ, ಶುಂಠಿ, ಒಣಕೊಬ್ಬರಿ. ಶಟ್ಟೆವ್ವನ ಹೊಸ ಬೆಣ್ಣೆ ಕಾಯಿಸಿದ ತುಪ್ಪದಲ್ಲಿ ಮೆಣಸು, ಜೀರಿಗೆ, ಇಂಗಿನ ಒಗ್ಗರಣೆ. ಲೀಲಾಬಾಯಿ ಶಾಲು ಹೊದ್ದು ಹೊಸ್ತಿಲ ಆಚೆ ಕೂತಿದ್ದರು. ಇವತ್ತು ಅವರು ಏನೂ ಕೇಳಲಿಲ್ಲ.

ಪದ್ಮಜಾ ಉಪ್ಪು ಹಿಡಿದು, ಒಂದು ಹೆಜ್ಜೆ ಹಿಂದೆ ಸರಿದು, ಕಣ್ಣು ಮುಚ್ಚಿದಳು. ಹಸಿ ಬೇಳೆಯ ವಾಸನೆ ಬಂತು, ಅದನ್ನು ಹೋಗಲು ಬಿಟ್ಟಳು. ಶುಂಠಿ ಬಂತು, ತಡೆದಳು. ಅರ್ಧ ಉಪ್ಪು ಬಿಟ್ಟು ಮತ್ತೆ ಕಾದಳು. ನಿಧಾನವಾಗಿ ಮೆಣಸು ಎದ್ದಿತು, ಅದರ ಬೆನ್ನಿಗೆ ತುಪ್ಪ, ಕೊನೆಗೆ ಕೊಬ್ಬರಿಯ ಸೀ. ಇನ್ನು ನಾಲ್ಕು ಹರಳು ಬಿಟ್ಟು ಉಳಿದದ್ದನ್ನು ಡಬ್ಬಿಗೆ ಹಾಕಿದಳು. ತಿರುಗಿ ನೋಡಿದರೆ ಲೀಲಾಬಾಯಿ ಅವಳ ಕೈಯನ್ನೇ ನೋಡುತ್ತಿದ್ದರು.

ನೈವೇದ್ಯದ ಗಂಟೆಯಾಯಿತು. ಎಲೆ ಹಾಕಿದರು. ಹುಗ್ಗಿ ಬಿತ್ತು. ಎಲ್ಲರೂ ಒಂದು ತುತ್ತು ಬಾಯಿಗಿಟ್ಟರು. ಪದ್ಮಜಾ ಸೌಟು ಹಿಡಿದು ಕಂಬದಂತೆ ನಿಂತಳು.

"ಏನ್ರಿ, ಮಾವಾ?" ಎಂದಳು, ತಡೆಯಲಾರದೆ. "ದೇವರು ಉಂಡಾನೋ ಇಲ್ಲೋ?"

"ಉಂಡಾನ" ಎಂದರು ಆಚಾರ್ಯರು. "ಇವತ್ತು ಮಾತ್ರ ಎರಡು ಸಲ ಹಾಕಿಸಿಕೊಂಡಿರಬೇಕು."

ಕೌಶಿಕ ಇನ್ನಷ್ಟು ಹಾಕೆಂಬಂತೆ ಎಲೆಯನ್ನು ಮುಂದಕ್ಕೆ ಸರಿಸಿದ. ಲೀಲಾಬಾಯಿ ತುತ್ತನ್ನು ನಾಲಿಗೆಯ ಮೇಲೆ ಇಟ್ಟುಕೊಂಡು ಸ್ವಲ್ಪ ಹೊತ್ತು ಕೂತರು. ನಾಲಿಗೆಗೆ ತಿಳಿಯುವಷ್ಟು ಅವರಿಗೆ ತಿಳಿಯುತ್ತಿತ್ತು. "ಉಪ್ಪು ಹದಾ ಅ‍ದ" ಎಂದರು.

ಪದ್ಮಜಾಗೆ ಆಕಾಶ ಕೈಗೆ ಸಿಕ್ಕಂತಾಯಿತು. ಅವರ ಎಲೆಗೆ ಇನ್ನೊಂದು ಸೌಟು ಬಡಿಸಲು ಬಗ್ಗಿದಳು. ಲೀಲಾಬಾಯಿ ಬೇಡವೆನ್ನಲಿಲ್ಲ, ಬೇಕೆನ್ನಲೂ ಇಲ್ಲ. ತಲೆ ಓರೆ ಮಾಡಿ ಏನನ್ನೋ ಹುಡುಕುವವರಂತೆ ಕಣ್ಣು ಮುಚ್ಚಿದರು. ಆಮೇಲೆ ಎಡಗೈಯಿಂದ ಸೊಸೆಯ ಸೆರಗನ್ನು ಗಪ್ಪನೆ ಹಿಡಿದರು.

"ಅವ್ವಾ, ಏನಾತು?" ಕೌಶಿಕ ಗಾಬರಿಯಿಂದ ಎದ್ದ.

ಬಾಳಿನಲ್ಲಿ ಒಂದು ಹೂವನ್ನೂ ಮೂಗಿಗೆ ಹಿಡಿಯದ ಆ ಹೆಂಗಸು, ಗಂಡ ಮಗನ ಎದುರೇ, ಸೊಸೆಯ ಸೆರಗನ್ನು ಮುದ್ದೆ ಮಾಡಿ ಮೂಗಿಗೆ ಒತ್ತಿಕೊಂಡು ಉಸಿರೆಳೆದರು. ಒಮ್ಮೆ. ಮತ್ತೊಮ್ಮೆ, ಇನ್ನೂ ಆಳವಾಗಿ.

"ಇಂಗು" ಎಂದರು.

"ಅತ್ಯಾ! ತಾನಾಗಿ ಬಂತೇನ್ರಿ?"

"ಇಲ್ಲ" ಎಂದರು ಲೀಲಾಬಾಯಿ, ಸೆರಗಿನ ಒಳಗಿನಿಂದಲೇ. "ಎಲ್ಲೋ ದೂರದಾಗ ಇತ್ತು. ನಾನ ಹೋಗಿ ತಗೊಂಡೆ."

ಆಚಾರ್ಯರು ಪಂಚೆಯ ತುದಿಯಿಂದ ಕಣ್ಣು ಒತ್ತಿಕೊಂಡರು. ಲೀಲಾಬಾಯಿ ಮುಖವೆತ್ತಿ ಸೊಸೆಯನ್ನು ನೋಡಿದರು. "ನನ್ನ ಸೀರ್ಯಾಗಿಂದ ಹೋದದ್ದು ಎಲ್ಲಿ ಹೋತು ಅಂತಿದ್ದೆ. ನಿನ್ನ ಹತ್ರ ಅದ."

ಅವರು ಸೆರಗು ಬಿಡಲಿಲ್ಲ. ಪದ್ಮಜಾ ಸೌಟು ಹಿಡಿದುಕೊಂಡು, ಬಗ್ಗಿದವಳು ಬಗ್ಗಿದ ಹಾಗೆಯೇ ನಿಂತಳು. ಕೌಶಿಕನೇ ಎದ್ದು, ಪಾತ್ರೆ ಎಳೆದುಕೊಂಡು, ಎಲ್ಲರ ಎಲೆಗೂ ಎರಡನೆಯ ಸಲ ಹುಗ್ಗಿ ಬಡಿಸಿದ.